ಎಸ್‌ಡಿಎಂಸಿ ಸಭೆಯಲ್ಲಿ ಮೊದಲ ಮಾತು ಓದಿನದ್ದಾಗಲಿ

ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಒಮ್ಮೆ ಹೋಗಿ ಕೂತು ನೋಡಿ. ಕಾಂಪೌಂಡು, ಶೌಚಾಲಯ, ಸುಣ್ಣಬಣ್ಣ, ಆಗಸ್ಟ್ 15ಕ್ಕೆ ಯಾವ ಸಿಹಿ ಹಂಚೋಣ. ಇವೆಲ್ಲ ಬೇಕು, ಬೇಡ ಅಂದವರು ಯಾರು? ಆದರೆ ನಾಲ್ಕನೇ ಕ್ಲಾಸಿನ ಎಷ್ಟು ಮಕ್ಕಳಿಗೆ ಸರಾಗವಾಗಿ ಓದಲು ಬರುತ್ತದೆ ಅನ್ನುವ ಮಾತು ಬರುವ ಹೊತ್ತಿಗೆ ಟೀ ಮುಗಿದಿರುತ್ತದೆ, ನಡಾವಳಿ ಪುಸ್ತಕ ಸಹಿಗೆ ಸುತ್ತುತ್ತಿರುತ್ತದೆ.

ಕರ್ನಾಟಕದಲ್ಲಿ ಈ ಸಮಿತಿಗಳು ಶುರುವಾದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳಿಗೆ ಕಾನೂನಿನ ಬಲ ಕೊಟ್ಟಿತು. ಅದರ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕಟ್ಟಡ ನೋಡಿಕೊಳ್ಳುವುದಕ್ಕೆ ಇಷ್ಟೊಂದು ಅಪ್ಪ-ಅಮ್ಮಂದಿರು ಬೇಕಿರಲಿಲ್ಲ, ಅಲ್ವಾ?

ಮೊದಲು ಅಜೆಂಡಾ ಬದಲಿಸಿ

ಮಕ್ಕಳ ಕಲಿಕೆಯೇ ಮೊದಲ ವಿಷಯವಾಗಲಿ. ಬಿಲ್ಲು, ಬಣ್ಣ ಆಮೇಲೆ. ಸಭೆಯನ್ನು ಕೂಲಿಗೆ ಹೋಗುವವರೂ ಬರುವಂಥ ಹೊತ್ತಿಗೆ ಇಡಿ. ಬೆಳಿಗ್ಗೆ ಹನ್ನೊಂದಕ್ಕೆ ಕರೆದು, ‘ಪೋಷಕರಿಗೆ ಆಸಕ್ತಿಯೇ ಇಲ್ಲ’ ಅಂದರೆ ಹೇಗೆ? ತಾಯಂದಿರು ಬಂದರೆ ಹಿಂದಿನ ಸಾಲಲ್ಲಿ ಸುಮ್ನೆ ಕೂರಿಸಬೇಡಿ. ಮಗು ಮನೆಯಲ್ಲಿ ಪುಸ್ತಕ ತೆಗೆಯುತ್ತದೋ ಇಲ್ಲವೋ ಅನ್ನುವುದು ಅವರಿಗೇ ಜಾಸ್ತಿ ಗೊತ್ತು.

ಓದಿಸಿ ನೋಡಿ

ಅಂಕಪಟ್ಟಿ ನೋಡಿದರೆ ಪೂರ್ತಿ ತಿಳಿಯುವುದಿಲ್ಲ. ಮೇಷ್ಟ್ರ ಜೊತೆ ಮಾತಾಡಿ, ತಿಂಗಳಿಗೊಮ್ಮೆ ಸದಸ್ಯರ ಎದುರು ಮಕ್ಕಳು ಓದುವ ಏರ್ಪಾಡು ಮಾಡಿ. ಇಲ್ಲೊಂದು ಸೂಕ್ಷ್ಮವಿದೆ. ಪಾಠ ಬಾಯಿಪಾಠ ಆಗಿದ್ದರೆ ಮಗು ಗಡಗಡ ಒಪ್ಪಿಸುತ್ತದೆ, ಬೆರಳು ಮಾತ್ರ ಮೇಲಿನ ಸಾಲಲ್ಲೇ ನಿಂತಿರುತ್ತದೆ. ಓದು ಬಾರದ ಅಜ್ಜಿಯೂ ಇದನ್ನು ಹಿಡಿಯಬಲ್ಲಳು. ಆಗ ಬೇರೆ ಕಥೆಪುಸ್ತಕ ಕೊಡಿ. ‘ಮರ’, ‘ಹಸು’ ಬಂದಾಗ ಸಲೀಸಾಗಿ ಓದಿದ ಮಗು ‘ಅಕ್ಕ’, ‘ಹಳ್ಳಿ’ ಬಂದಾಗ ತಡವರಿಸಿದರೆ ತೊಡಕು ಒತ್ತಕ್ಷರದಲ್ಲಿದೆ ಅಂತ ಅರ್ಥ. ಕಾಗುಣಿತದಲ್ಲೇ ನಿಂತರೆ ಇನ್ನೂ ಹಿಂದಿನಿಂದ ಶುರು ಮಾಡಬೇಕು. ಲೆಕ್ಕಕ್ಕೂ ಹೀಗೇ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ಹುಡುಗ ಹಲಗೆಯ ಮೇಲೆ ಪಕ್ಕದಿಂದ ಹತ್ತು ಸಾಲ ತಂದು ಕಳೆಯುವ ಲೆಕ್ಕ ತಪ್ಪುತ್ತಾನಾ, ನೋಡಿ.

ಒಂದು ಎಚ್ಚರಿಕೆ: ಇದು ಪರೀಕ್ಷೆ ಅಲ್ಲ. ಎಲ್ಲರೆದುರು ಮಗುವಿನ ಹೆಸರು ಹೇಳಿ ‘ನೋಡಿ ಇವನಿಗೆ ಬರಲ್ಲ’ ಅನ್ನಬಾರದು, ಮೇಷ್ಟ್ರನ್ನೂ ನಿಲ್ಲಿಸಿ ಕೇಳಬಾರದು. ‘ಈ ಎಂಟು ಮಕ್ಕಳಿಗೆ ಒತ್ತಕ್ಷರ ಕಷ್ಟ, ಏನು ಮಾಡೋಣ?’ ಅಂತ ಕೇಳಿ. ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ಪೋಷಕರಿಗೆ ತಿಳಿಸುವುದು ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಇರುವ ಶಿಕ್ಷಕರ ಕರ್ತವ್ಯ. ಹಾಗಾಗಿ ಕೇಳಲು ಸಂಕೋಚ ಬೇಡ.

ಹಾಜರಿಯ ಹಿಂದಿನ ಕಾರಣ

ಮಗು ಯಾಕೆ ಬರಲಿಲ್ಲ ಅಂತ ತಿಳಿಯುವುದು ಸದಸ್ಯರಾದ ನಿಮ್ಮದೇ ಕೆಲಸ. ಊರ ಜಾತ್ರೆ, ರಾಗಿ ಕೊಯ್ಲು, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಅಕ್ಕ, ಇವೆಲ್ಲ ಮೇಷ್ಟ್ರಿಗಿಂತ ಪಕ್ಕದ ಮನೆಯವರಿಗೆ ಮೊದಲು ತಿಳಿಯುತ್ತವೆ. ಓಣಿಗೊಬ್ಬ ಸದಸ್ಯರು ಅಂತ ಹಂಚಿಕೊಳ್ಳಿ. ಮೂರು ದಿನ ಬಾರದ ಮಗುವಿನ ಮನೆಗೆ ಅವರು ಹೋಗಿ ಬರಲಿ. ಕಬ್ಬು ಕಡಿಯಲು ಗುಳೆ ಹೊರಡುವ ಮನೆಗಳಿದ್ದರೆ ಮುಂಚೆಯೇ ಮಾತಾಡಿ, ಮಗು ಅಜ್ಜ-ಅಜ್ಜಿಯ ಹತ್ತಿರ ಉಳಿಯಬಹುದಾ ಕೇಳಿ. ಹೊರಟ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಸಂಜೆ ಒಂದು ಗಂಟೆ

ಏಳರಿಂದ ಎಂಟು ಟಿವಿ ಬಂದ್ ಅಂತ ಊರೇ ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ. ಧಾರಾವಾಹಿಯ ಹೊತ್ತಾದರೆ ಅದಕ್ಕೆ ತಕ್ಕಂತೆ ಸಮಯ ಹೊಂದಿಸಿ, ಜಗಳಕ್ಕೆ ಹೋಗಬೇಡಿ. ಓದು ಬಾರದ ಪೋಷಕರು ‘ಇವತ್ತು ಏನು ಕಲಿತೆ, ನನಗೂ ಹೇಳು’ ಅಂದರೆ ಸಾಕು. ಡಿಗ್ರಿ ಓದುವ ಹುಡುಗ-ಹುಡುಗಿಯರಿದ್ದರೆ ಅವರಿಂದ ವಾರಕ್ಕೆರಡು ದಿನ ಓದಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ. ಅಲ್ಲಿಯ ಪುಸ್ತಕಗಳು ಬೀರುವಿನಲ್ಲೇ ಕೂತಿದ್ದರೆ ಅದನ್ನೂ ಪಂಚಾಯಿತಿ ಸದಸ್ಯರ ಕಿವಿಗೆ ಹಾಕಿ.

ಕಾಗದದ ಮೇಲೆ ಇಳಿಸಿ

ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ನಿಮ್ಮ ಸಮಿತಿಯೇ. ಅದರಲ್ಲಿ ‘ಕೊಠಡಿ ದುರಸ್ತಿ’ಯ ಜೊತೆ ‘ಡಿಸೆಂಬರ್ ಒಳಗೆ ಐದನೇ ಕ್ಲಾಸಿನ ಎಲ್ಲ ಮಕ್ಕಳೂ ಕಥೆ ಓದುವಂತಾಗಬೇಕು’ ಅಂತಲೂ ಬರೆಸಿ. ಯಾರು, ಯಾವಾಗ, ಏನು ಮಾಡುತ್ತಾರೆ ಅನ್ನುವುದೂ ಇರಲಿ.

ಮೇಷ್ಟ್ರೇ ಕಡಿಮೆ ಇದ್ದರೆ? ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರಿರಬೇಕು. ಯಾವ ಶಾಲೆಯಲ್ಲೂ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಅಂತ ಕಾಯ್ದೆಯೇ ಹೇಳುತ್ತದೆ. ನಡಾವಳಿಯಲ್ಲಿ ನಿರ್ಣಯ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮುಂದಿನ ಸಭೆಯ ಅಜೆಂಡಾದಲ್ಲಿ ಮತ್ತೆ ಅದನ್ನೇ ಸೇರಿಸಿ, ಹಳೆಯ ಅರ್ಜಿಯ ತಾರೀಖು ಹಾಕಿ ಇನ್ನೊಂದು ಕೊಡಿ.