ಸಂಬಳದ ಪ್ರತಿ ರೂಪಾಯಿಗೂ ಒಂದು ಕೆಲಸ

ದಾವಣಗೆರೆಯ ನಮ್ಮ ಮನೆಗೆ ಬರುವುದು ತಿಂಗಳಿಗೆ 28,000 ರೂಪಾಯಿ. ಒಂದನೇ ತಾರೀಖೇ ಅಷ್ಟನ್ನೂ ಬರೆದು ಹಂಚುತ್ತೇನೆ. ಬಾಡಿಗೆ 7,000, ದಿನಸಿ-ಹಾಲು-ತರಕಾರಿ 9,000, ಸ್ಕೂಲ್ ಫೀಸು 3,000, ಕರೆಂಟು-ಗ್ಯಾಸು-ಪೆಟ್ರೋಲು 4,000, ಉಳಿತಾಯಕ್ಕೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಅಂದರೆ ಆರ್‌ಡಿ 4,000. ಉಳಿದದ್ದು 1,000. ಅದನ್ನು ಸುಮ್ನೆ ಬಿಡಬೇಡಿ, ಅದಕ್ಕೂ ಹೆಸರಿಡಿ. ಖಾತೆ ಖಾಲಿಯಾಗಬೇಕಿಲ್ಲ, ಕೆಲಸ ಹಚ್ಚದ ಹಣ ಸೊನ್ನೆಯಾದರೆ ಸಾಕು.

ನಾನು 500 ಬೆಣ್ಣೆದೋಸೆಗೆ, 500 ದುಗ್ಗಮ್ಮನ ಜಾತ್ರೆಗೆ ಇಡುತ್ತೇನೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, 24 ತಿಂಗಳಿಗೆ 12,000 ಕೂಡುತ್ತದೆ. ನೆಂಟರು ಬಂದಾಗ ಕೈಸಾಲ ಬೇಕಾಗುವುದಿಲ್ಲ. (ಜಾತ್ರೆ ಮುಗಿದರೂ ಅವರು ಹೊರಡುವುದಿಲ್ಲ, ಅದು ಬೇರೆ ಮಾತು.)

ಪೆಟ್ರೋಲಿಗೆ 300 ಜಾಸ್ತಿಯಾಯಿತೇ? ದೋಸೆ ದುಡ್ಡಿನಿಂದ ತೆಗೆಯಿರಿ, ಆರ್‌ಡಿ ಮುಟ್ಟಬೇಡಿ. ಆದಾಯ ಏರುಪೇರಾಗುವವರು ತೀರಾ ಕಡಿಮೆ ಬಂದ ತಿಂಗಳಿನ ಮೊತ್ತ ಹಿಡಿದೇ ಲೆಕ್ಕ ಹಾಕಿ.