ಇಬ್ಬನಿ ಆರುವ ಮುನ್ನ ಜೇಡ ಹುಡುಕಿ

ಮಾಗಿಯ ಬೆಳಿಗ್ಗೆ ಹುಲ್ಲುಗಾವಲಿನ ಅಂಚಿನಲ್ಲಿ ನಿಂತು ನೋಡಿ. ಹಿಂದಿನ ಸಂಜೆ ಬರಿದಾಗಿ ಕಂಡ ನೆಲದ ಮೇಲೆ ಅಂಗೈಯಗಲದ ಬಿಳಿ ಹಾಸುಗಳು ಹರಡಿರುತ್ತವೆ. ಅವೆಲ್ಲ ಜೇಡರ ಬಲೆಗಳು. ಸಂಜೆಯೂ ಅಲ್ಲೇ ಇದ್ದವು, ಇಬ್ಬನಿ ಕುಳಿತ ಮೇಲೆ ನಮ್ಮ ಕಣ್ಣಿಗೆ ಬಿದ್ದಿವೆ. ನಮ್ಮ ಡಿಸೆಂಬರ್–ಜನವರಿಯ ಚಳಿಗೆ ಜೇಡಗಳು ಮಾಯವಾಗುವುದಿಲ್ಲ. ಹುಡುಕಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ನನಗೆ ಗೊತ್ತಿಲ್ಲ.

ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ, ಮೊಬೈಲ್ ಕ್ಯಾಮೆರಾ, ಬರೆದುಕೊಳ್ಳಲು ಒಂದು ಪುಸ್ತಕ ಸಾಕು. ಸೂರ್ಯನಿಗೆ ಎದುರಾಗಿ ನಡೆದರೆ ಎಳೆಗಳು ಹೊಳೆಯುತ್ತವೆ.

ಮೊದಲು ಬಲೆಯನ್ನು ಓದಿ, ಬಣ್ಣ ಆಮೇಲೆ. ಒಂದೇ ಜಾತಿಯಲ್ಲಿ ಬಣ್ಣ ಬದಲಾಗುತ್ತದೆ, ಬಲೆ ಹೆಣೆಯುವ ರೀತಿ ಅಷ್ಟು ಸುಲಭವಾಗಿ ಬದಲಾಗದು. ಹುಲ್ಲಿನ ಮೇಲಿನ ಹಾಸಿನಲ್ಲಿ ಆಲಿಕೆಯಂಥ ತೂತು ಇದೆಯೇ? ಅದು ಹಿಪ್ಪಾಸಾ ಕುಲದ (ಕುಲವೆಂದರೆ ಹತ್ತಿರದ ಜಾತಿಗಳ ಗುಂಪು) ತೋಳ ಜೇಡದ ಮನೆ. ಗರಿಕೆಯ ಎಸಳಿನ ತುದಿಯಿಂದ ಹಾಸನ್ನು ಮೆಲ್ಲಗೆ ನಡುಗಿಸಿ. ಕಂದು ಜೇಡ ತೂತಿನ ಬಾಯಿಗೆ ಓಡಿಬಂದು, ಬೇಟೆಯಲ್ಲವೆಂದು ತಿಳಿದೊಡನೆ ಒಳಗೆ ಸರಿಯುತ್ತದೆ. ಆ ಒಂದು ಕ್ಷಣದಲ್ಲಿ ಅದರ ಹಿಂಬದಿಯಲ್ಲಿ ಚಾಚಿಕೊಂಡ ಜೋಡಿ ನೂಲುಗೊಳವೆಗಳನ್ನು, ಅಂದರೆ ಎಳೆ ಹೊರಬಿಡುವ ಅಂಗಗಳನ್ನು, ಗಮನಿಸಿ. ಎರಡನೆಯ ಬಾರಿ ನಡುಗಿಸಬೇಡಿ, ಪಾಪ, ಅದಕ್ಕೆ ಸುಮ್ಮನೆ ದಣಿವು.

ಪೊದೆಗಳ ನಡುವೆ ಚಕ್ರದಂಥ ಬಲೆ, ಮಧ್ಯದಲ್ಲಿ ಅಂಕುಡೊಂಕಾದ ದಪ್ಪ ಬಿಳಿ ಹೆಣಿಗೆ, ತಲೆ ಕೆಳಗಾಗಿ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಿಸು ಚಿಹ್ನೆಯಂತೆ ಕುಳಿತ ಜೇಡ ಕಂಡರೆ ಆರ್ಜಿಯೋಪ್, ಅಂದರೆ ಸಹಿ ಜೇಡ. ಗುಡಾರದಂತೆ ಉಬ್ಬಿದ, ಸಣ್ಣ ಕಣ್ಣಿನ ಬಲೆಯಾದರೆ ಸಿರ್ಟೋಫೋರಾ. ಗದ್ದೆಯ ಬದುವಿನಲ್ಲಿ ಎಸಳಿಗೆ ಅಂಟಿಕೊಂಡು ಕಡ್ಡಿಯಂತೆ ಚಾಚಿ ಮಲಗಿದ್ದರೆ ಟೆಟ್ರಾಗ್ನಾತಾ.

ಬೇಟೆಗೆ ಬಲೆ ನೇಯದವುಗಳಿಗೆ ಕಣ್ಣೇ ಗುರುತು. ಬಿಸಿಲು ಕಾಯುವ ಗೋಡೆಯ ಮೇಲೆ, ಮುಖದ ಮುಂದೆ ಎರಡು ದೊಡ್ಡ ಕಣ್ಣು ತೆರೆದು ನಿಮ್ಮತ್ತ ತಿರುಗುವುದು ಜಿಗಿಯುವ ಜೇಡ. ಕಾಲ ತುಂಬ ಮುಳ್ಳು, ಆರು ಕಣ್ಣುಗಳು ಷಟ್ಕೋನವಾಗಿ ನಿಂತಿದ್ದರೆ ಲಿಂಕ್ಸ್ ಜೇಡ. ಹೂವಿನಲ್ಲಿ ಮುಂಗಾಲು ಅಗಲಿಸಿ ಕಾಯುವುದು ಏಡಿ ಜೇಡ.

ಮೇಲಿನಿಂದ, ಮುಖದ ಕಡೆಯಿಂದ, ಸಾಧ್ಯವಾದರೆ ಹೊಟ್ಟೆಯ ಕಡೆಯಿಂದ ಮೂರು ಚಿತ್ರ ತೆಗೆಯಿರಿ. ಸ್ಥಳ, ಹೊತ್ತು, ಬಲೆಯ ಆಕಾರ ಬರೆದಿಡಿ. ಕುಲದ ಹೆಸರಿಗೆ ನಿಲ್ಲಲು ಹಿಂಜರಿಯಬೇಡಿ. ಎಷ್ಟೋ ಜಾತಿಗಳನ್ನು ತಜ್ಞರೂ ಸೂಕ್ಷ್ಮದರ್ಶಕದಡಿ ಜನನಾಂಗ ನೋಡಿಯೇ ಖಚಿತಪಡಿಸುತ್ತಾರೆ.

ರಾತ್ರಿ ಮತ್ತೆ ಅದೇ ಹುಲ್ಲಿಗೆ ಹೋಗಿ. ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ನೆಲದತ್ತ ಬೆಳಕು ಬಿಟ್ಟರೆ, ತೋಳ ಜೇಡಗಳ ಕಣ್ಣು ಹಸಿರು ಕಿಡಿಗಳಂತೆ ಮಿನುಗುತ್ತವೆ. ಕೆಲವೊಮ್ಮೆ ಒಂದೇ ಕಡೆ ಚಿಟಿಕೆಯಷ್ಟು ಕಿಡಿಗಳು ಗುಂಪಾಗಿ ಕಾಣುತ್ತವೆ. ಅದು ಬೆನ್ನ ತುಂಬ ಮರಿಗಳನ್ನು ಹೊತ್ತ ತಾಯಿ. ಒಂದು ಚಿತ್ರ ತೆಗೆದುಕೊಂಡು ಬೆಳಕು ತಿರುಗಿಸಿ.