ಹತ್ತು ರೂಪಾಯಿ ನಾಣ್ಯಗಳ ಸೈನ್ಯ

ಪೆಟ್ಟಿಗೆಯ ಬೆಲೆ ನೋಡಿ ನನಗೆ ನಗು ಬಂತು. ಅಕ್ಕನ ಮಗ ನಗಲಿಲ್ಲ. "ಮಾವಾ, ಇದು ಬರೀ ಶುರು. ಪೂರ್ತಿ ಸೈನ್ಯ ಬೇಕಂದ್ರೆ ಇನ್ನೂ ಎರಡು ಮೂರು ಪೆಟ್ಟಿಗೆ ಬೇಕಾಗತ್ತೆ" ಅಂದ.

ಅದು ವಾರ್‌ಹ್ಯಾಮರ್ 40,000 ಆಟದ ಕಾಂಬ್ಯಾಟ್ ಪ್ಯಾಟ್ರೋಲ್ ಪೆಟ್ಟಿಗೆ. ಮೇಜಿನ ಮೇಲೆ ಸಣ್ಣ ಗೊಂಬೆಗಳ ಸೈನ್ಯ ಇಟ್ಟು, ದಾಳ ಹಾಕಿ ಆಡುವ ಯುದ್ಧದ ಆಟ ಅದು. ಆಗ ಪೆಟ್ಟಿಗೆಗೆ ಅಮೆರಿಕದಲ್ಲಿ ಸುಮಾರು 160 ಡಾಲರ್. ನಮ್ಮ ದುಡ್ಡಿನಲ್ಲಿ 13 ಸಾವಿರದ ಮೇಲೆ. ಅಷ್ಟು ಕೊಟ್ಟರೂ ಒಳಗೆ ಗೊಂಬೆ ಇರುವುದಿಲ್ಲ, ಗೊಂಬೆಯ ಕೈಕಾಲು ಇರುತ್ತವೆ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ತುಂಡುಗಳು. ನಾವೇ ಕತ್ತರಿಸಬೇಕು, ಅಂಟಿಸಬೇಕು, ಬಣ್ಣ ಹಚ್ಚಬೇಕು. ಆಮೇಲೆ ಆಟ.

ಅವನು ದ್ವಿತೀಯ ಪಿಯುಸಿ ಹುಡುಗ. ವಿಡಿಯೊ ನೋಡಿ ನೋಡಿ ಆ ಲೋಕದ ಕಥೆಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಹತ್ತು ಸಾವಿರ ವರ್ಷದಿಂದ ಚಿನ್ನದ ಸಿಂಹಾಸನದ ಮೇಲೆ ಸಾಯದೆ ಬದುಕದೆ ಕೂತಿರುವ ಚಕ್ರವರ್ತಿ. ಅವನ ಹೆಸರಲ್ಲಿ ಹೊಡೆದಾಡುವ ಸ್ಪೇಸ್ ಮರೀನ್‌ಗಳು. ಗ್ರಹಕ್ಕೆ ಗ್ರಹವನ್ನೇ ತಿಂದು ಮುಗಿಸುವ ಟಿರನಿಡ್ ಎಂಬ ಹುಳುಗಳ ಹಿಂಡು. ಕೆಂಪು ಬಣ್ಣ ಹಚ್ಚಿದರೆ ಗಾಡಿ ಜೋರಾಗಿ ಓಡುತ್ತದೆ ಎಂದು ನಂಬುವ ಆರ್ಕ್‌ಗಳು. ಈ ಆರ್ಕ್‌ಗಳು ನನಗೆ ತಕ್ಷಣ ಇಷ್ಟವಾದವು. ಲಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಊರಿನವರಿಗೆ ಅವರು ಏನೂ ವಿಚಿತ್ರ ಅನ್ನಿಸುವುದಿಲ್ಲ.

ಆಟ ಹೊಸದೇನಲ್ಲ. ಗೇಮ್ಸ್ ವರ್ಕ್‌ಶಾಪ್ ಕಂಪನಿ 1975ರಲ್ಲಿ ಲಂಡನ್ನಿನಲ್ಲಿ ಶುರುವಾಗಿ ಆಮೇಲೆ ನಾಟಿಂಗ್‌ಹ್ಯಾಮ್‌ಗೆ ಹೋಯಿತು. ಈ ಆಟ ಬಂದಿದ್ದು 1987ರಲ್ಲಿ, ಮುಖ್ಯವಾಗಿ ರಿಕ್ ಪ್ರೀಸ್ಟ್ಲಿ ಅವರ ಕೈಯಿಂದ. ಪ್ಲಾಸ್ಟಿಕ್ ಗೊಂಬೆಗಳು ಇವತ್ತಿಗೂ ನಾಟಿಂಗ್‌ಹ್ಯಾಮ್‌ನಲ್ಲೇ ತಯಾರಾಗುತ್ತವೆ. ಅಲ್ಲಿಂದ ಹೊರಟು ನಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಸಾಗಣೆ, ಸುಂಕ ಎಲ್ಲ ಸೇರಿಕೊಳ್ಳುತ್ತದೆ.

ಕೊಡಿಸಬೇಕಾದವನು ನಾನು. ನನಗೂ ಒಳಗೊಳಗೇ ಆಸೆ. ಆದರೆ ನಮ್ಮ ಮನೆಯ ಅಟ್ಟದಲ್ಲಿ ಈಗಾಗಲೇ ಒಂದು ಗಿಟಾರ್ ಮಲಗಿದೆ, ಪಕ್ಕದಲ್ಲಿ ಒಂದು ಟೆಲಿಸ್ಕೋಪ್. ಎರಡೂ ನನ್ನವೇ. ಹಾಗಾಗಿ ಒಂದು ಷರತ್ತು ಹಾಕಿದೆ: "ಒಂದು ತಿಂಗಳು ಒಂದು ಗೊಂಬೇನೂ ತಗೊಳ್ಳೋದು ಬೇಡ. ಗೊಂಬೆ ಇಲ್ಲದೇ ಆಡೋಣ. ಆಗಲೂ ಮಜಾ ಬಂದ್ರೆ ನೋಡೋಣ."

ಅವನ ಮುಖ ಸಪ್ಪಗಾಯಿತು. ಆದರೂ ಒಪ್ಪಿದ.

ಈ ಆಟಕ್ಕೆ ಚೌಕ ಬರೆದ ಹಲಗೆ ಇಲ್ಲ. ಎಷ್ಟು ದೂರ ನಡೆಯಬಹುದು, ಎಷ್ಟು ದೂರ ಗುಂಡು ಹಾರುತ್ತದೆ, ಎಲ್ಲವೂ ಇಂಚಿನಲ್ಲಿ. ಕಾಂಬ್ಯಾಟ್ ಪ್ಯಾಟ್ರೋಲ್ ಅನ್ನುವ ಸಣ್ಣ ಆಟಕ್ಕೆ 44 ಇಂಚು ಉದ್ದ, 30 ಇಂಚು ಅಗಲದ ಜಾಗ ಸಾಕು. ನಮ್ಮ ನಾಲ್ಕು ಜನರ ಊಟದ ಮೇಜು 48ಕ್ಕೆ 30. ಪೂರ್ತಿ ಸೈನ್ಯದ ಆಟಕ್ಕಾದರೆ 60 ಇಂಚು ಬೇಕು, ಅಗಲವೂ 44. ಅಂಥ ಮೇಜು ನಮ್ಮ ಹಾಲಿನಲ್ಲಿ ಹಿಡಿಸುವುದಿಲ್ಲ. ಇಲ್ಲಿಗೇ ಅರ್ಧ ತೀರ್ಮಾನ ಆಗಿಹೋಯಿತು ನೋಡಿ. ದೊಡ್ಡ ಸೈನ್ಯದ ಮಾತು ಬಿಟ್ಟೆ.

2023ರಲ್ಲಿ ಬಂದ ಹತ್ತನೇ ಆವೃತ್ತಿಯ ಮೂಲ ನಿಯಮಗಳನ್ನು ಕಂಪನಿಯೇ ಪುಕ್ಕಟೆ ಪಿಡಿಎಫ್ ಆಗಿ ಕೊಟ್ಟಿತ್ತು. ಸುಮಾರು 60 ಪುಟ. ಅಳತೆಗೆ ಅಮ್ಮನ ಹೊಲಿಗೆ ಪೆಟ್ಟಿಗೆಯ ಟೇಪು. ದಾಳಗಳನ್ನು ಗ್ರಂಥಿಗೆ ಅಂಗಡಿಯ ಪಕ್ಕದ ಆಟಿಕೆ ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ತಂದೆ. ಯುದ್ಧಭೂಮಿಯ ಕಟ್ಟಡಗಳಿಗೆ ಫ್ರಿಜ್ಜಿನ ಜೊತೆ ಬಂದಿದ್ದ ಥರ್ಮಾಕೋಲು. ಅದು ಸಾಲದಾದಾಗ ಕುಕ್ಕರ್.

ಸೈನ್ಯಕ್ಕೆ? ಗೊಂಬೆಗಳು ನಿಲ್ಲುವ ದುಂಡನೆ ಬಿಲ್ಲೆಯ ಅಳತೆ ಮುಖ್ಯ. ಟರ್ಮಗಾಂಟ್ ಅನ್ನುವ ಸಣ್ಣ ಹುಳುಗಳ ಬಿಲ್ಲೆ 28 ಮಿಲಿಮೀಟರ್. ನಮ್ಮ ಹತ್ತು ರೂಪಾಯಿ ನಾಣ್ಯ 27. ಇದು ಹೊಳೆದ ಕೂಡಲೇ ಹುಡುಗನ ಮುಖ ಅರಳಿತು. ಇಪ್ಪತ್ತು ನಾಣ್ಯ ಅವನ ಹಿಂಡು. ಹತ್ತು ನೀರಿನ ಬಾಟಲಿ ಮುಚ್ಚಳ ನನ್ನ ಸ್ಪೇಸ್ ಮರೀನ್‌ಗಳು. ಅವನ ಕಡೆ ಒಂದು ದೊಡ್ಡ ರಾಕ್ಷಸ ಹುಳುವೂ ಬೇಕಿತ್ತು. ಅದು ಉಪ್ಪಿನಕಾಯಿ ಜಾಡಿಯ ಮುಚ್ಚಳ ಆಯಿತು.

ಮೊದಲ ಆಟ ಒಂದು ಭಾನುವಾರ, ತಿಂಡಿ ಆದ ಮೇಲೆ. ನನ್ನ ಐದು ಮುಚ್ಚಳ ಅವನ ನಾಣ್ಯಗಳ ಮೇಲೆ ಗುಂಡು ಹಾರಿಸಿದವು. ಒಬ್ಬೊಬ್ಬರಿಗೆ ಎರಡು ಗುಂಡು, ಒಟ್ಟು ಹತ್ತು ದಾಳ. ಮೂರು ಅಥವಾ ಜಾಸ್ತಿ ಬಿದ್ದರೆ ಗುರಿ ತಾಗಿದ ಹಾಗೆ. ಏಳು ತಾಗಿದವು. ಆ ಏಳು ದಾಳ ಎತ್ತಿ ಮತ್ತೆ ಹಾಕಬೇಕು, ಗಾಯ ಆಯಿತಾ ಅಂತ ನೋಡಲು. ನನ್ನ ಬಂದೂಕಿನ ಬಲ ನಾಲ್ಕು, ಹುಳುವಿನ ಗಟ್ಟಿತನ ಮೂರು. ಬಲ ಜಾಸ್ತಿ ಇರುವುದರಿಂದ ಇಲ್ಲೂ ಮೂರು ಬಿದ್ದರೆ ಸಾಕು. ಐದು ಗಾಯ. ಈಗ ದಾಳ ಅವನ ಕೈಗೆ. ಅವನ ಹುಳುವಿನ ಚಿಪ್ಪು ಐದು ಅಥವಾ ಜಾಸ್ತಿ ಬಿದ್ದರೆ ಕಾಪಾಡುತ್ತದೆ, ಆದರೆ ನನ್ನ ಗುಂಡು ಚಿಪ್ಪನ್ನು ಒಂದಂಶ ಸೀಳುವುದರಿಂದ ಆರೇ ಬೀಳಬೇಕು. ಒಂದು ಆರು ಬಿತ್ತು. ನಾಲ್ಕು ನಾಣ್ಯ ಮೇಜಿನಿಂದ ಆಚೆ. ಲೆಕ್ಕ ಹಾಕಿದರೆ ಇಂಥ ಹತ್ತು ಗುಂಡಿಗೆ ಸರಾಸರಿ 3.7 ಹುಳು ಸಾಯುತ್ತವೆ. ಅಂದರೆ ನನಗೆ ಬಿದ್ದಿದ್ದು ಅದೃಷ್ಟವೇನೂ ಅಲ್ಲ.

ಅವನ ಸರದಿ ಬಂತು. ಹತ್ತು ಹುಳು ಒಟ್ಟಿಗೆ ಹೊಡೆದವು. ನನ್ನ ಮುಚ್ಚಳದ ರಕ್ಷಾಕವಚಕ್ಕೆ ಮೂರು ಬಿದ್ದರೆ ಸಾಕು, ಮೇಲಾಗಿ ಒಬ್ಬೊಬ್ಬನಿಗೆ ಎರಡೆರಡು ಜೀವ. ಕೊನೆಗೆ ಆಗಿದ್ದು ಬರೀ ಒಬ್ಬನಿಗೆ ಒಂದು ಗಾಯ, ಅಷ್ಟೇ. "ಇದೇನು ಮಾವಾ, ಮೋಸ!" ಅಂತ ರೇಗಿದ.

ಅಮ್ಮ ಅವರೆಕಾಯಿ ಸುಲಿಯುತ್ತಾ ಅಲ್ಲೇ ಕೂತಿದ್ದರು. "ಆಡು ಹುಲಿ ಆಟ ಅಲ್ವೇನೋ ಇದು. ಆಡು ಹುಲೀನ ಹೊಡೆಯತ್ತಾ ಎಲ್ಲಾದ್ರೂ? ಸುತ್ತುಹಾಕ್ಬೇಕು" ಅಂದರು.

ನಿಯಮದ ಅರವತ್ತು ಪುಟ ಓದಿ ನನಗೆ ತಿಳಿಯದ್ದು ಅಮ್ಮನಿಗೆ ಮೇಜು ನೋಡಿಯೇ ತಿಳಿದಿತ್ತು. ಅಲ್ಲಿ ಮೂರು ಹುಲಿ, ಹದಿನೈದು ಆಡು. ಇಲ್ಲಿ ಹತ್ತು ಮರೀನ್, ಇಪ್ಪತ್ತು ಹುಳು. ಎರಡು ಕಡೆಯವರೂ ಆಡುವ ಆಟವೇ ಬೇರೆ. ಈ ಆಟದಲ್ಲಿ ಅಂಕ ಬರುವುದು ಹೆಚ್ಚಾಗಿ ಕೊಲ್ಲುವುದರಿಂದಲ್ಲ, ಮೇಜಿನ ಮೇಲಿನ ಕೆಲವು ಗುರುತಿನ ಜಾಗಗಳನ್ನು ಹಿಡಿದು ಕೂರುವುದರಿಂದ. ಮುಂದಿನ ಸುತ್ತಿನಲ್ಲಿ ಅವನು ನಾಣ್ಯಗಳನ್ನು ಥರ್ಮಾಕೋಲಿನ ಹಿಂದೆ ಹಿಂದೆಯೇ ಸರಿಸಿಕೊಂಡು ಹೋಗಿ ಆ ಜಾಗಗಳ ಮೇಲೆ ಕೂರಿಸಿದ. ನಾನು ಹುಳು ಕೊಲ್ಲುತ್ತಲೇ ಇದ್ದೆ. ಅವನು ಅಂಕ ಎಣಿಸುತ್ತಲೇ ಇದ್ದ.

ಆ ಆಟದ ಒಂದು ಗಳಿಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಪ್ಪಿನಕಾಯಿ ಮುಚ್ಚಳ ನನ್ನ ಮೇಲೆ ನುಗ್ಗಬೇಕಿತ್ತು. ನುಗ್ಗಲು ಎರಡು ದಾಳ ಹಾಕಿ, ಬಿದ್ದಷ್ಟು ಇಂಚು ಓಡಬೇಕು. ಟೇಪು ಹಿಡಿದು ನೋಡಿದರೆ ಎಂಟು ಇಂಚು ಬೇಕು. ಎಂಟು ಅಥವಾ ಮೇಲೆ ಬೀಳುವ ಸಾಧ್ಯತೆ 36ರಲ್ಲಿ 15. ಹುಡುಗ ದಾಳಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಊದಿದ. ಅಮ್ಮನ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತು. ಐದು, ಮೂರು. ಅವನು ಕುರ್ಚಿಯಿಂದ ಎದ್ದೇಬಿಟ್ಟ. ಬರೀ ಒಂದು ಜಾಡಿ ಮುಚ್ಚಳ, ಅದಕ್ಕೆ ಮೂರು ಜನ ಉಸಿರು ಬಿಗಿಹಿಡಿದಿದ್ದೆವು.

ಹಾಗಂತ ಎಲ್ಲ ಚೆನ್ನಾಗಿತ್ತು ಅಂತಲ್ಲ. ಐದು ಸುತ್ತಿನ ಆಟದಲ್ಲಿ ಮೂರು ಸುತ್ತು ಮುಗಿಯುವಷ್ಟರಲ್ಲಿ ಮೂರೂವರೆ ಗಂಟೆ ಆಗಿತ್ತು. ಊಟಕ್ಕೆ ಮೇಜು ಬಿಟ್ಟುಕೊಡಬೇಕಾಯಿತು. ಇನ್ನೊಂದು ತೊಂದರೆ ಎಂದರೆ ಇಲ್ಲಿ ಒಬ್ಬರ ಸರದಿ ಬಂದರೆ ಅವರ ಇಡೀ ಸೈನ್ಯ ನಡೆಯುತ್ತದೆ, ಗುಂಡು ಹಾರಿಸುತ್ತದೆ, ನುಗ್ಗುತ್ತದೆ, ಹೊಡೆದಾಡುತ್ತದೆ. ಇನ್ನೊಬ್ಬರು ಕಾಯಬೇಕು. ನನ್ನ ಸರದಿಯಲ್ಲಿ ಅವನು ಮೊಬೈಲ್ ತೆಗೆದ. ಅವನ ಸರದಿಯಲ್ಲಿ ನಾನೂ ತೆಗೆದೆ, ಸುಳ್ಳು ಯಾಕೆ.

ಎರಡನೇ ವಾರ ಒನ್ ಪೇಜ್ ರೂಲ್ಸ್ ಎಂಬ ಬೇರೆಯವರ ಗ್ರಿಮ್‌ಡಾರ್ಕ್ ಫ್ಯೂಚರ್ ಎಂಬ ಆಟ ಆಡಿದೆವು. ಇದೂ ಅದೇ ಥರದ ಲೋಕ, ಆದರೆ ಮೂಲ ನಿಯಮ ಕೆಲವೇ ಪುಟ, ಪುಕ್ಕಟೆ ಸಿಗುತ್ತದೆ, ಯಾವ ಕಂಪನಿಯ ಗೊಂಬೆ ಆದರೂ ನಡೆಯುತ್ತದೆ. ನಾನು ಒಂದು ತುಕಡಿ ನಡೆಸಿದರೆ ಅವನು ಒಂದು ತುಕಡಿ. ಗಾಯದ ದಾಳ ಬೇರೆ ಇಲ್ಲ, ತಾಗಿದ ಮೇಲೆ ನೇರ ಕಾಪಾಡಿಕೊಳ್ಳುವ ದಾಳ. ಅವತ್ತು ಒಂದೂವರೆ ಗಂಟೆಯಲ್ಲಿ ಆಟ ಮುಗಿಯಿತು, ಮೊಬೈಲ್ ಯಾರೂ ಮುಟ್ಟಲಿಲ್ಲ. ನನ್ನ ಮಟ್ಟಿಗೆ ಇದೇ ಒಳ್ಳೆಯ ಆಟ. ಹುಡುಗನಿಗೆ ಮಾತ್ರ ಹೆಸರಿನ ಮೇಲೆ ಮೋಹ. "ಆದ್ರೆ ಇದು ನಿಜವಾದ ನಲವತ್ತು ಸಾವಿರ ಅಲ್ಲವಲ್ಲ ಮಾವಾ" ಅಂತ ರಾಗ ಎಳೆದ.

ಮೂರನೇ ವಾರ ಬಣ್ಣದ ಪರೀಕ್ಷೆ. ಇದು ನನ್ನ ಲೆಕ್ಕದಲ್ಲಿ ಆಟಕ್ಕಿಂತ ಮುಖ್ಯ. ಯಾಕೆಂದರೆ ಈ ಹವ್ಯಾಸದಲ್ಲಿ ಆಡುವ ಹೊತ್ತಿಗಿಂತ ಬ್ರಷ್ ಹಿಡಿದು ಕೂರುವ ಹೊತ್ತೇ ಜಾಸ್ತಿ. ಜಾತ್ರೆಯಲ್ಲಿ ಸಿಗುವಂಥ ಹಸಿರು ಪ್ಲಾಸ್ಟಿಕ್ ಸೈನಿಕರ ಒಂದು ಪೊಟ್ಟಣ ತಂದೆ. ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ, ಸೊನ್ನೆ ನಂಬರಿನ ಬ್ರಷ್. ಬಣ್ಣ ಹಿಡಿಯಲು ಮೊದಲು ಪ್ರೈಮರ್ ಹೊಡೆಯಬೇಕು ಎಂದು ಓದಿದ್ದೆ. ಜುಲೈ ತಿಂಗಳು, ಬೆಂಗಳೂರಿನ ಜಿಟಿಜಿಟಿ ಮಳೆ. ಸ್ವಲ್ಪ ಬಿಡುವು ಕೊಟ್ಟಿತು ಅಂತ ಟೆರೇಸಿಗೆ ಓಡಿ ಸ್ಪ್ರೇ ಹೊಡೆದೆ. ಗಾಳಿಯಲ್ಲಿ ತೇವ ಇದ್ದರೆ ಹೊಡೆಯಬಾರದಂತೆ. ಒಣಗಿದ ಮೇಲೆ ಸೈನಿಕರ ಮೈಮೇಲೆ ಸಣ್ಣ ರವೆ ಉದುರಿಸಿದ ಹಾಗಿತ್ತು. ಅಷ್ಟೂ ಜನ ಹೋದರು. ಎರಡನೇ ಪೊಟ್ಟಣಕ್ಕೆ ಪ್ರೈಮರನ್ನು ಮನೆಯೊಳಗೆ ಬ್ರಷ್‌ನಲ್ಲೇ ಬಳಿದೆ.

ಬಣ್ಣವನ್ನು ಡಬ್ಬಿಯಿಂದ ನೇರ ಹಚ್ಚಿದರೆ ಮುಖದ ಗೆರೆಯೆಲ್ಲ ಮುಚ್ಚಿಹೋಗುತ್ತದೆ. ನೀರು ಬೆರೆಸಿ ಹಾಲಿನ ಹದಕ್ಕೆ ತರಬೇಕು, ತೆಳ್ಳಗೆ ಎರಡು ಸಲ ಹಚ್ಚಬೇಕು. ಇಷ್ಟು ಕಲಿಯಲು ನನಗೆ ಆರು ಸೈನಿಕರು ಬೇಕಾದರು. ಮೊದಲನೆಯವನಿಗೆ ಐವತ್ತು ನಿಮಿಷ, ಆರನೆಯವನಿಗೆ ಇಪ್ಪತ್ತೈದು. ಆರನೆಯವನ ಬೆಲ್ಟಿನ ಬಕಲ್‌ಗೆ ಹಳದಿ ಚುಕ್ಕಿ ಇಡುವಾಗ ರಾತ್ರಿ ಹನ್ನೊಂದೂವರೆ ಆಗಿದ್ದೂ ಗೊತ್ತಾಗಲಿಲ್ಲ. ಆಫೀಸಿನ ಯೋಚನೆ ಒಂದೂ ತಲೆಯಲ್ಲಿರಲಿಲ್ಲ. ಹುಡುಗ ಮಾತ್ರ ಎರಡು ಗೊಂಬೆಗೆ ಸಾಕು ಅಂದುಬಿಟ್ಟ. ನನಗೆ ಆಡುವುದಕ್ಕಿಂತ ಬಣ್ಣ ಇಷ್ಟ, ಅವನಿಗೆ ಆಟವೇ ಇಷ್ಟ. ಕಾಂಬ್ಯಾಟ್ ಪ್ಯಾಟ್ರೋಲ್ ತಂದಿದ್ದರೆ ಇದು ತಿಳಿಯುವ ಹೊತ್ತಿಗೆ 13 ಸಾವಿರ ಕೈ ಬಿಟ್ಟಿರುತ್ತಿತ್ತು.

ನಡುವೆ ರೆಸಿನ್ ಎಂಬ ದ್ರವದಿಂದ ಮನೆಯಲ್ಲೇ ಗೊಂಬೆ ಮಾಡಿಕೊಳ್ಳುವ 3ಡಿ ಪ್ರಿಂಟರ್ ವಿಷಯವೂ ಬಂತು. ಕೈಗವಸು, ತೊಳೆಯಲು ಆಲ್ಕೋಹಾಲ್, ಆ ವಾಸನೆ. ಅಡುಗೆಮನೆ ಪಕ್ಕದಲ್ಲೇ ಹಾಲ್ ಇರುವ ಎರಡು ಕೋಣೆಯ ಮನೆಗೆ ಅದು ಆಗದ ಮಾತು.

ಕೊನೆಗೆ ನಗರದ ಒಂದು ಬೋರ್ಡ್ ಗೇಮ್ ಕೆಫೆಗೆ ಹೋದೆವು. ಅಲ್ಲಿ ಕೆಲವರು ಕಿಲ್ ಟೀಮ್ ಆಡುತ್ತಿದ್ದರು. ಅದೇ ಲೋಕದ ಸಣ್ಣ ಆಟ, ಬೆರಳೆಣಿಕೆ ಗೊಂಬೆಗಳು, ಸರದಿಯೂ ಒಬ್ಬರಾದ ಮೇಲೆ ಒಬ್ಬರದು. ಹುಡುಗನಿಗೆ ತಮ್ಮದೇ ಒಂದು ತಂಡ ಕೊಟ್ಟು ಆಡಿಸಿದರು. ನಾನು ಅವರ ಗೊಂಬೆಗಳನ್ನೇ ನೋಡುತ್ತಾ ಕೂತೆ. ಒಬ್ಬರು "ನೀವು ಯಾರ ಜೊತೆ ಆಡ್ತೀರಾ?" ಅಂತ ಕೇಳಿದರು. ಇವನ ಜೊತೆ ಅಂದೆ. "ಇವನು ಇಂಜಿನಿಯರಿಂಗ್‌ಗೆ ಬೇರೆ ಊರಿಗೆ ಹೋದ್ರೆ?" ಅದನ್ನು ನಾನು ಯೋಚಿಸಿರಲೇ ಇಲ್ಲ.

ವಾಪಸ್ ಬರುವಾಗ ಮೆಟ್ರೋದಲ್ಲಿ ತೀರ್ಮಾನವಾಯಿತು. ಕಾಂಬ್ಯಾಟ್ ಪ್ಯಾಟ್ರೋಲ್ ಬೇಡ. ಹೊಸಬರಿಗೆಂದೇ ಮಾಡಿದ ಇಂಟ್ರೊಡಕ್ಟರಿ ಸೆಟ್ ಸಾಕು. ಮರೀನ್‌ಗಳೂ ಇದ್ದಾರೆ, ಟಿರನಿಡ್‌ಗಳೂ ಇವೆ, ಅಂಟು ಬೇಡ, ಒತ್ತಿದರೆ ಕೂರುತ್ತವೆ. ಬಣ್ಣ, ಬ್ರಷ್, ಕಟ್ಟರ್ ಒಳಗೇ ಇರುತ್ತವೆ. ಆಟ ನಿಂತರೂ ನನಗೆ ಬಣ್ಣ ಹಚ್ಚಲು ಗೊಂಬೆಗಳಿರುತ್ತವೆ. ಕಡಿಮೆ ಬಿದ್ದರೆ ನಾಣ್ಯಗಳು ಇದ್ದೇ ಇವೆ.

ದಸರೆಯ ಹೊತ್ತಿಗೆ ಐದು ಮರೀನ್‌ಗಳು, ಎರಡು ಹುಳುಗಳು ಮುಗಿದಿದ್ದವು. ಅಮ್ಮ ಅವನ್ನು ಗೊಂಬೆ ಕೂರಿಸುವ ಕೊನೆಯ ಮೆಟ್ಟಿಲಿನಲ್ಲಿ, ಶೆಟ್ಟಿ ದಂಪತಿಯ ದಿನಸಿ ಅಂಗಡಿಗೆ ಕಾವಲು ನಿಲ್ಲಿಸಿದರು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಎಲ್ಲಿಂದ ತಂದಿರಿ ಎಂದು ಕೇಳಿದರೆ, ಚನ್ನಪಟ್ಟಣದ್ದಲ್ಲ, ಇಂಗ್ಲೆಂಡಿಂದು ಅಂತ ಹೇಳುತ್ತಿದ್ದರು. ಹುಡುಗ ಇನ್ನೊಂದು ಪೆಟ್ಟಿಗೆಯ ಮಾತು ತೆಗೆದಿದ್ದಾನೆ. ಸಿಇಟಿ ಮುಗಿಯಲಿ ಎಂದಿದ್ದೇನೆ.